ಉಂಡ ನೆನಪಿನ ದಾರಿ: ಮಟ್ಟಿನ ಗುಳ್ಳದಿಂದ ಮದರಾಸಿನವರೆಗೆ

ಅಡುಗೆಯ ಕ್ರಮವನ್ನು ಬರೆದಿಡುವ ಪರಿಪಾಠ ಕನ್ನಡದಲ್ಲಿ ಬಲು ಹಳೆಯದು. 1025ರ ಸುಮಾರಿಗೆ ರಚಿತವಾದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕಕ್ಕೆಂದೇ ಒಂದು ಅಧ್ಯಾಯವಿದ್ದು, ಹದಿನಾರನೆಯ ಶತಮಾನದಲ್ಲಿ ಮಂಗರಸನು 'ಸೂಪಶಾಸ್ತ್ರ'ವೆಂಬ ಇಡೀ ಗ್ರಂಥವನ್ನೇ ಅದಕ್ಕೆ ಮೀಸಲಿಟ್ಟನು. ಊಟದ ನೆನಪನ್ನು ಹಿಡಿದು ಬಾಳನ್ನೂ ಬಂಧುಗಳನ್ನೂ ಕುರಿತು ಹೇಳುವ ಆಹಾರ ಸ್ಮೃತಿಕಥನವಾದರೋ ಈಚಿನದು. ಇಂಗ್ಲಿಷಿನಲ್ಲಿ ಎಂ.ಎಫ್.ಕೆ. ಫಿಶರ್ ಅವರ 'ದಿ ಗ್ಯಾಸ್ಟ್ರೊನಾಮಿಕಲ್ ಮಿ' (1943) ಈ ಪ್ರಕಾರಕ್ಕೆ ಮೇಲ್ಪಂಕ್ತಿಯಾಯಿತು. ಉಡುಪಿ ಸೀಮೆಯಲ್ಲಿ ಅದೇ ಕೆಲಸವನ್ನು ಆಚರಣೆ, ಹೋಟೆಲು ಮತ್ತು ಕಾದಂಬರಿಗಳು ಹಂಚಿಕೊಂಡು ಮಾಡಿದವು.

ಅಷ್ಟಮಠಗಳು ಎರಡೆರಡು ವರ್ಷದ ಸರದಿಯಲ್ಲಿ ಕೃಷ್ಣಪೂಜೆಯನ್ನು ವಹಿಸಿಕೊಳ್ಳುವ ಪರ್ಯಾಯಕ್ಕೆ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳು ಮುನ್ನುಡಿಯಾಗುತ್ತವೆ; ಬಡಿಸುವ ಎಲೆಗೆ ಬಾಳೆಗಿಡ ನೆಡುವುದರಿಂದಲೇ ಅನ್ನಸಂತರ್ಪಣೆಯ ಸಿದ್ಧತೆ ತೊಡಗುತ್ತದೆ. ಕಾಪು ತಾಲ್ಲೂಕಿನ ಮಟ್ಟು ಗ್ರಾಮದ ಗುಳ್ಳವೆಂಬ ಬದನೆಗೂ ಈ ಕೃಷ್ಣನ ನಂಟಿದೆ; ಅದರ ಬೀಜವನ್ನು ಯತಿ ವಾದಿರಾಜರು ಕೊಟ್ಟರೆಂಬುದು ಐತಿಹ್ಯ. ತಿಳಿಹಸಿರು ಮೈಯ, ತೊಟ್ಟಿನಲ್ಲಿ ಮುಳ್ಳಿರುವ ಈ ದುಂಡು ಬದನೆಯ ಮೊದಲ ಫಸಲನ್ನು ಕೃಷ್ಣನಿಗೆ ಒಪ್ಪಿಸಿದ ಮೇಲೆಯೇ ಪೇಟೆಗೆ ತರುವುದು ವಾಡಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. ತೆಂಗಿನಕಾಯಿಯ ಅರೆಪ್ಪಿಲ್ಲದ ಬೋಳು ಹುಳಿಯಲ್ಲಿ ಹೋಳು ಕರಗದೆ ನಿಂತು, ಹುಳಿ ಖಾರಗಳನ್ನು ಒಳಗೆಳೆದುಕೊಳ್ಳುವುದೇ ಗುಳ್ಳದ ಗುಣ. ಪರವೂರಿನಲ್ಲಿ ನೆಲೆಸಿದವರು ಊರಿಗೆ ಬಂದಾಗ ಕೇಳಿ ಮಾಡಿಸಿಕೊಳ್ಳುವ ಪದಾರ್ಥಗಳಲ್ಲಿ ಇದೂ ಒಂದು.

ಹಾಗೆ ಊರು ಬಿಟ್ಟವರಲ್ಲಿ ಒಬ್ಬರಾದ ಕಾರ್ಕಳ ಸೀಮೆಯ ಕಡಂದಲೆಯ ಕೃಷ್ಣರಾಯರು ಬಡತನದಿಂದ ಪಾರಾಗಲು ಮದರಾಸಿಗೆ ಹೋಗಿ, ಅಡುಗೆಮನೆಯ ಚಿಲ್ಲರೆ ಕೆಲಸಗಳಿಂದ ಮೇಲೆ ಬಂದು, 1930ರ ದಶಕದ ಕೊನೆಗೆ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಅದೇ ಹೆಸರಿನ ಡ್ರೈವ್-ಇನ್ 1962ರಿಂದ 2008ರವರೆಗೆ ಮದರಾಸಿನ ಮೂರು ತಲೆಮಾರುಗಳಿಗೆ ಹರಟೆಯ ಕಟ್ಟೆಯಾಗಿತ್ತು. ಉಡುಪಿಯ ರುಚಿ ಅನ್ಯಭಾಷಿಕರ ಬಾಲ್ಯದ ನೆನಪುಗಳೊಳಗೂ ಸೇರಿಕೊಂಡದ್ದು ಹೀಗೆ. ಊಟದ ನೆನಪು ವಸ್ತುಗಳಲ್ಲೂ ಉಳಿಯುತ್ತದೆ: ಮಣಿಪಾಲದ ಹೋಟೆಲ್ ಆಡಳಿತ ಕಾಲೇಜಿನಲ್ಲಿ ಓದಿದ ಬಾಣಸಿಗ ವಿಕಾಸ್ ಖನ್ನಾ ಅವರ ಆಸ್ಥೆಯಿಂದ 2018ರಲ್ಲಿ ಅಲ್ಲಿಯೇ ತೆರೆದ ಪಾಕಕಲೆಯ ವಸ್ತುಸಂಗ್ರಹಾಲಯವು ದೇಶದ ನಾನಾ ಕಡೆಯ ಪಾತ್ರೆ-ಪರಿಕರಗಳನ್ನು ಕಾಪಿಟ್ಟಿದೆ.

ಇಷ್ಟಾದರೂ ಊಟವನ್ನು ಸಂಬಂಧಗಳ ಒಳಗಿಟ್ಟು ನೋಡಿದ ಕೀರ್ತಿ ಕೋಟದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಗೇ ಸಲ್ಲಬೇಕು. ಶೀನಮಯ್ಯನ ಮನೆಯವರು ಬೆಂಗಳೂರಿನಲ್ಲಿ ಹೋಟೆಲು ನಡೆಸಿ ಗಳಿಸಿದ ಹಣ ನೆರೆಯ ರಾಮ ಐತಾಳನ ಮನೆಯಲ್ಲಿ ಪೈಪೋಟಿಯನ್ನು ಹುಟ್ಟಿಸುತ್ತದೆ. ಗದ್ದೆ, ಕೊಟ್ಟಿಗೆ, ಒಲೆಗಳ ನಡುವೆ ಸವೆಯುವ ಐತಾಳನ ಮನೆಯ ಹೆಂಗಸರಾದ ಪಾರೋತಿ, ಸರಸೋತಿಯರಿಗೆ ಆ ಪೈಪೋಟಿಯಿಂದ ಸುಖ ದಕ್ಕುವುದಿಲ್ಲ. ಪಟ್ಟಣ ಸೇರಿದ ಗಂಡಸರ ಕೈರುಚಿಗೆ ನಾಮಫಲಕ ದೊರೆತಿರುವಾಗ, ಆಟಿ ತಿಂಗಳ ಮಳೆಯಲ್ಲಿ ಕೆಸುವಿನೆಲೆ ಕೊಯ್ದು, ಅಕ್ಕಿ ಅರೆದು ಹಚ್ಚಿ, ಪತ್ರೊಡೆ ಬೇಯಿಸಿ ಮನೆಮಂದಿಗೆಲ್ಲ ಬಡಿಸಿದ ಹೆಂಗಸರ ಬಾಳು ಅವರದೇ ಮಾತಿನಲ್ಲಿ ಬರವಣಿಗೆಗೆ ಇಳಿಯಬೇಕಾದುದು ಈ ಸೀಮೆಯ ಸಾಹಿತ್ಯದ ಮುಂದಿರುವ ತುರ್ತಿನ ಕೆಲಸವಾಗಿದೆ.