ಬೆರಳಿನ ರಕ್ತನಾಳ ಮುಚ್ಚಿದೆಯೋ, ಮುದುಡಿದೆಯೋ?

ಮಂಗಳೂರು: ಉರ್ವ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ರಾಶಿಯಿಂದ ಮೀನು ಹೆಕ್ಕುವ ಕೈಗಳು ಬಿಳುಚಿಕೊಂಡು, ಕೊಂಚ ಹೊತ್ತಿನ ಬಳಿಕ ಮತ್ತೆ ಬಣ್ಣ ಪಡೆಯುವುದು ಸಹಜ. ಚಳಿಗೆ ರಕ್ತನಾಳ ಮುದುಡುತ್ತದೆ, ಬಿಸಿಗೆ ಅರಳುತ್ತದೆ. ಆದರೆ ಬೆರಳು ನೀಲಿಯಾಗಿಯೇ ಉಳಿದು, ತುದಿಯ ಹುಣ್ಣು ಮಾಯದಿದ್ದರೆ ವೈದ್ಯರು ಕೈಯ ಆಂಜಿಯೋಗ್ರಾಂ ಮಾಡಿಸಲು ಸೂಚಿಸಬಹುದು.

ಹೃದಯದ ಆಂಜಿಯೋಗ್ರಾಂ ಇಂದು ಮನೆಮಾತು, ಕೈಯದ್ದು ಅಪರೂಪ. ಆದರೆ ರಕ್ತನಾಳಗಳ ಚಿತ್ರಣ ಆರಂಭವಾದದ್ದೇ ಕೈಯಿಂದ. ಎಕ್ಸ್‌ರೇ ಪತ್ತೆಯಾದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ವಿಯೆನ್ನಾದ ಹ್ಯಾಶೆಕ್ ಮತ್ತು ಲಿಂಡೆಂತಾಲ್ ಶವವೊಂದರ ಕೈಯ ರಕ್ತನಾಳಗಳಿಗೆ ದ್ರಾವಣ ತುಂಬಿ ಚಿತ್ರ ತೆಗೆದಿದ್ದರು. ಶವದ ನಾಳ ಚಳಿಗೆ, ಭಯಕ್ಕೆ ಮುದುಡುವುದಿಲ್ಲ. ಜೀವಂತ ಕೈಯ ತೊಡಕೇ ಅದು.

ಬೆರಳಿನ ಅಪಧಮನಿಯ ವ್ಯಾಸ ಸುಮಾರು 1 ಮಿಲಿಮೀಟರ್. ಹವಾನಿಯಂತ್ರಿತ ಕೊಠಡಿಯ ತಂಪು, ರೋಗಿಯ ಅಂಜಿಕೆ, ಒಳಗೆ ಸಾಗುವ ಕ್ಯಾತಿಟರ್, ಅದರ ಮೂಲಕ ಹರಿಸುವ ಅಯೋಡಿನ್‌ಯುಕ್ತ ದ್ರಾವಣ ಇವೆಲ್ಲವೂ ಆ ನಾಳವನ್ನು ಕೆರಳಿಸುತ್ತವೆ. ನಾಳ ಬಿಗಿದುಕೊಂಡರೆ ದ್ರಾವಣ ಮುಂದೆ ಸಾಗದು. ಚಿತ್ರದಲ್ಲಿ ನಾಳ ಅರ್ಧಕ್ಕೇ ಕಡಿದಂತೆ ಕಾಣುತ್ತದೆ. ಅದನ್ನೇ ನಂಬಿದರೆ ಇಲ್ಲದ ತಡೆಗೆ ಚಿಕಿತ್ಸೆ ನಡೆದೀತು.

ಇದಕ್ಕಾಗಿಯೇ ದ್ರಾವಣಕ್ಕೆ ಮುನ್ನ ಅದೇ ಕ್ಯಾತಿಟರ್ ಮೂಲಕ ರಕ್ತನಾಳ ಹಿಗ್ಗಿಸುವ ಔಷಧ ನೀಡುವ ಕ್ರಮವಿದೆ. ಹಿಂದೆ ಟೊಲಾಜೊಲಿನ್ ಹೆಚ್ಚು ಬಳಕೆಯಲ್ಲಿತ್ತು. ಪಾಪಾವರಿನ್ ಕೂಡ ಉಂಟು. ಈಗ ಸಾಮಾನ್ಯವಾದದ್ದು ನೈಟ್ರೋಗ್ಲಿಸರಿನ್. ಡೈನಮೈಟ್‌ನಲ್ಲಿರುವ ರಾಸಾಯನಿಕವೇ ಇದು. ಇಲ್ಲಿ ಬೇಕಾಗುವುದು ಮಿಲಿಗ್ರಾಂನ ಹತ್ತನೇ ಒಂದೆರಡು ಭಾಗ ಮಾತ್ರ. ದೇಹದಲ್ಲಿ ಅದು ನೈಟ್ರಿಕ್ ಆಕ್ಸೈಡ್ ಆಗಿ ಪರಿವರ್ತನೆಗೊಂಡು ನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಕೈಯನ್ನು ಬೆಚ್ಚಗಿರಿಸುವ ಹಳೆಯ ಉಪಾಯವೂ ಜೊತೆಗಿರುತ್ತದೆ.

ಔಷಧದ ಬಳಿಕ ನಾಳ ತೆರೆದುಕೊಂಡರೆ ಅದು ಬರಿಯ ಸೆಳೆತ. 1862ರಲ್ಲಿ ಫ್ರಾನ್ಸಿನ ಮೋರಿಸ್ ರೇನೋ ವಿವರಿಸಿದ ತೊಂದರೆ ಇಂಥದ್ದು. ತೆರೆದುಕೊಳ್ಳದಿದ್ದರೆ ನಿಜವಾದ ತಡೆಯ ಶಂಕೆ ಬಲವಾಗುತ್ತದೆ. ಬೀಡಿ, ಸಿಗರೇಟು ಸೇದುವ ಯುವಕರನ್ನು ಹೆಚ್ಚಾಗಿ ಕಾಡುವ ಬರ್ಜರ್ ಕಾಯಿಲೆ ಅದಕ್ಕೊಂದು ಉದಾಹರಣೆ. ಬೀಡಿ ಕಟ್ಟಿ ಸಂಸಾರ ತೂಗಿಸಿದ ಮನೆಗಳು ಅಸಂಖ್ಯವಿರುವ ದಕ್ಷಿಣ ಕನ್ನಡದಲ್ಲಿ ಈ ಮಾತು ತುಸು ಕಹಿಯೇ. ತಂಬಾಕು ಬಿಡದಿದ್ದರೆ ಈ ಕಾಯಿಲೆಯಲ್ಲಿ ಬೆರಳು ಕತ್ತರಿಸಬೇಕಾಗಿ ಬರುವುದೂ ಉಂಟು.

ಔಷಧದಿಂದ ತಲೆನೋವು ಬರಬಹುದು, ರಕ್ತದೊತ್ತಡ ಇಳಿಯಬಹುದು. ಸಿಲ್ಡೆನಾಫಿಲ್ ಮಾದರಿಯ ಮಾತ್ರೆ ನುಂಗಿದವರಿಗಂತೂ ನೈಟ್ರೋಗ್ಲಿಸರಿನ್ ಅಪಾಯಕಾರಿ. ಮುಜುಗರದಿಂದ ಅದನ್ನು ಮುಚ್ಚಿಡದೆ, ಮೂತ್ರಪಿಂಡದ ತೊಂದರೆಯಿದ್ದರೆ ಅದನ್ನೂ ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧದ ಪ್ರಭಾವ ಉಳಿಯುವುದು ಕೆಲವೇ ನಿಮಿಷ. ಚಿತ್ರ ತೆಗೆಯುವುದೂ ಅಷ್ಟರೊಳಗೇ ಮುಗಿಯಬೇಕು.