'ಮೆಮೊರಿ ಸಾಲ್ತಿಲ್ಲ' ಅಂತಿದೆಯಾ ಮನೆ ಕಂಪ್ಯೂಟರ್? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇಷ್ಟು ನೋಡಿ

ಮಕ್ಕಳ ಪ್ರಾಜೆಕ್ಟ್, ಅಂಗಡಿ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿದ ಪತ್ರ, ಆನ್‌ಲೈನ್ ಅರ್ಜಿ. ಮನೆಯಲ್ಲಿರೋ ಒಂದೇ ಕಂಪ್ಯೂಟರ್‌ನಲ್ಲಿ ಇಷ್ಟೂ ಆಗಬೇಕು. ಅರ್ಜಿ ಅರ್ಧ ತುಂಬಿದ ಹೊತ್ತಲ್ಲೇ 'ಯುವರ್ ಕಂಪ್ಯೂಟರ್ ಈಸ್ ಲೋ ಆನ್ ಮೆಮೊರಿ' ಅಂತ ಒಂದು ಪೆಟ್ಟಿಗೆ ಪರದೆ ಮೇಲೆ ಬಂದು ಕೂರುತ್ತೆ. ಬ್ರೌಸರ್ ತಾನಾಗಿಯೇ ಮುಚ್ಚಿಹೋಗುತ್ತೆ, ಎಕ್ಸೆಲ್ ಫೈಲ್ ಸೇವ್ ಆಗಲ್ಲ. ಇನ್ನು ಕೆಲವು ಕಂಪ್ಯೂಟರ್‌ಗಳಲ್ಲಿ ಆನ್ ಮಾಡಿದ ಕೂಡಲೇ ಬೇರೊಂದು ಸಂದೇಶ ಬರುತ್ತೆ: ಪೇಜಿಂಗ್ ಫೈಲ್ ಸೆಟ್ಟಿಂಗ್‌ನಲ್ಲಿ ತೊಂದರೆ ಇದೆ, ಹಾಗಾಗಿ ವಿಂಡೋಸ್ ಸದ್ಯಕ್ಕೆ ಒಂದು ತಾತ್ಕಾಲಿಕ ಫೈಲ್ ಮಾಡಿಕೊಂಡಿದೆ ಅಂತ.

ಇಂಥ ಕಂಪ್ಯೂಟರನ್ನು ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಕೇಳಿಬರೋದು ಎರಡೇ ಮಾತು. 'ಫಾರ್ಮ್ಯಾಟ್ ಮಾಡ್ಬೇಕು', ಇಲ್ಲಾಂದ್ರೆ 'ರ‍್ಯಾಮ್ ಹಾಕಿಸ್ಬೇಕು'. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ವರ್ಚುವಲ್ ಮೆಮೊರಿ ಆಫ್ ಆಗಿರೋದೋ, ಅದಕ್ಕೆ ಜಾಗ ಸಿಗದಿರೋದೋ ಕಾರಣವಾಗಿದ್ದರೆ ಮನೆಯಲ್ಲೇ ಕೂತು, ಒಂದು ರೂಪಾಯಿ ಖರ್ಚಿಲ್ಲದೆ ಸರಿ ಮಾಡಿಕೊಳ್ಳಬಹುದು. ಫಾರ್ಮ್ಯಾಟ್ ಮಾಡಿಸಿದರೆ ಬ್ಯಾಕಪ್ ಇಲ್ಲದ ಫೋಟೊ, ದಾಖಲೆಗಳು ಹೋದವು ಅಂತಲೇ ಲೆಕ್ಕ. ಹಾಗಾಗಿ ಮೊದಲು ಕಾರಣ ಪತ್ತೆ ಮಾಡಿ, ಆಮೇಲೆ ಖರ್ಚಿನ ಮಾತು.

ಏನಿದು ವರ್ಚುವಲ್ ಮೆಮೊರಿ?

ಕಿರಾಣಿ ಅಂಗಡಿಯನ್ನೇ ತಗೊಳ್ಳಿ. ಗಿರಾಕಿಗೆ ಥಟ್ಟನೆ ಕೊಡೋ ಸಾಮಾನು ಕೈಗೆಟಕುವ ಕಪಾಟಿನಲ್ಲಿರುತ್ತೆ. ಅಪರೂಪಕ್ಕೆ ಬೇಕಾಗೋದು ಹಿಂದಿನ ಗೋದಾಮಿನಲ್ಲಿರುತ್ತೆ. ಕಂಪ್ಯೂಟರ್‌ನಲ್ಲಿ ರ‍್ಯಾಮ್ ಅಂದರೆ ಆ ಕಪಾಟು. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಕಾಯ್ದಿಟ್ಟುಕೊಳ್ಳುವ 'ಪೇಜಿಂಗ್ ಫೈಲ್' ಅನ್ನೋದು ಗೋದಾಮು. ಸದ್ಯಕ್ಕೆ ಬೇಡವಾದ ಮಾಹಿತಿಯನ್ನು ವಿಂಡೋಸ್ ಅಲ್ಲಿಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತೆ. ರ‍್ಯಾಮ್ ಮತ್ತು ಡಿಸ್ಕ್ ಎರಡನ್ನೂ ಸೇರಿಸಿ ಪ್ರೋಗ್ರಾಂಗಳಿಗೆ ಒಂದೇ ದೊಡ್ಡ ಮೆಮೊರಿಯ ಹಾಗೆ ತೋರಿಸೋ ಈ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಶುರುವಾದ ಅಟ್ಲಾಸ್ ಕಂಪ್ಯೂಟರ್‌ನಲ್ಲೇ ಇದು ಇತ್ತು.

ಮುಖ್ಯವಾದ ವಿಷಯ ಇನ್ನೊಂದಿದೆ. ಪ್ರತಿ ಪ್ರೋಗ್ರಾಂ ಶುರುವಾದಾಗ 'ನನಗೆ ಇಷ್ಟು ಮೆಮೊರಿ ಬೇಕಾಗಬಹುದು' ಅಂತ ವಿಂಡೋಸ್ ಹತ್ತಿರ ಮೊದಲೇ ಮಾತು ತಗೊಳ್ಳುತ್ತೆ. ಹೀಗೆ ಕೊಟ್ಟ ಮಾತುಗಳ ಒಟ್ಟು ಮೊತ್ತ ರ‍್ಯಾಮ್ ಮತ್ತು ಪೇಜಿಂಗ್ ಫೈಲ್ ಸೇರಿದ ಮೊತ್ತವನ್ನು ದಾಟೋ ಹಾಗಿಲ್ಲ. ಗೋದಾಮಿಗೆ ಬೀಗ ಹಾಕಿದರೆ ಕಪಾಟಿನಲ್ಲಿ ಒಂದಿಷ್ಟು ಖಾಲಿ ಜಾಗ ಕಂಡರೂ ಹೊಸ ಆರ್ಡರ್ ಒಪ್ಪಿಕೊಳ್ಳೋಕೆ ಆಗಲ್ಲ. 'ರ‍್ಯಾಮ್ ಇನ್ನೂ ಖಾಲಿ ತೋರಿಸ್ತಿದೆ, ಆದ್ರೂ ಮೆಮೊರಿ ಇಲ್ಲ ಅಂತ ಬರ್ತಿದೆಯಲ್ಲ' ಅನ್ನೋ ಗೊಂದಲಕ್ಕೆ ಉತ್ತರ ಇದೇ.

ಮೊದಲು ಎರಡು ಅಂಕಿ ನೋಡಿ

ಕೀಬೋರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತೆ. ಚಿಕ್ಕದಾಗಿ ಕಂಡರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಿ. 'ಪರ್ಫಾರ್ಮೆನ್ಸ್' ವಿಭಾಗದಲ್ಲಿ 'ಮೆಮೊರಿ' ಆಯ್ಕೆ ಮಾಡಿದರೆ 'ಕಮಿಟೆಡ್' ಅನ್ನೋ ಪದದ ಕೆಳಗೆ ಗೀರು ಹಾಕಿ ಬೇರ್ಪಡಿಸಿದ ಎರಡು ಅಂಕಿ ಇರುತ್ತೆ. ಮೊದಲನೆಯದು ಈಗಾಗಲೇ ಕೊಟ್ಟಿರೋ ಮಾತು, ಎರಡನೆಯದು ಕೊಡಬಹುದಾದ ಮಿತಿ.

ಉದಾಹರಣೆಗೆ 4 ಜಿಬಿ ರ‍್ಯಾಮ್ ಇರೋ ಕಂಪ್ಯೂಟರ್‌ನಲ್ಲಿ '3.6/3.9 ಜಿಬಿ' ಅಂತ ಇದ್ದರೆ ಮಿತಿ ಬರೀ ರ‍್ಯಾಮ್‌ನಷ್ಟೇ ಇದೆ ಅಂತಾಯ್ತು. ಅಂದರೆ ಪೇಜಿಂಗ್ ಫೈಲ್ ಇಲ್ಲವೇ ಇಲ್ಲ. ಅದೇ '3.6/8.9 ಜಿಬಿ' ಅಂತಿದ್ದರೆ ಪೇಜಿಂಗ್ ಫೈಲ್ ಇದೆ, ತೊಂದರೆ ಬೇರೆ ಕಡೆ ಇದೆ. ಎರಡೂ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಒಂದು: ಪೇಜಿಂಗ್ ಫೈಲ್ ಆನ್ ಇದೆಯಾ?

ಆಫ್ ಆಗಿರೋದಕ್ಕೆ ಕಾರಣ ಹಲವು. 'ಕಂಪ್ಯೂಟರ್ ಫಾಸ್ಟ್ ಮಾಡೋದು ಹೇಗೆ' ಅನ್ನೋ ವಿಡಿಯೊ ನೋಡಿ ಮನೆಯ ಹುಡುಗರೇ ತೆಗೆದಿರಬಹುದು, ಸ್ಪೀಡ್ ಹೆಚ್ಚಿಸ್ತೀವಿ ಅನ್ನೋ ಸಾಫ್ಟ್‌ವೇರ್ ತೆಗೆದಿರಬಹುದು, ಡಿಸ್ಕ್‌ನಲ್ಲಿ ಜಾಗ ಉಳಿಸೋಕೆ ಯಾರಾದರೂ ತೆಗೆದಿರಬಹುದು. ವಾಪಸ್ ಆನ್ ಮಾಡೋ ಕ್ರಮ ಹೀಗಿದೆ.

ತೆರೆದಿರೋ ಫೈಲ್‌ಗಳನ್ನೆಲ್ಲ ಮೊದಲು ಸೇವ್ ಮಾಡಿ. ಸ್ಟಾರ್ಟ್ ಒತ್ತಿ, ಇಂಗ್ಲಿಷ್‌ನಲ್ಲಿ 'ಪರ್ಫಾರ್ಮೆನ್ಸ್' ಅಂತ ಟೈಪ್ ಮಾಡಿ. 'ಅಡ್ಜಸ್ಟ್ ದಿ ಅಪಿಯರೆನ್ಸ್ ಅಂಡ್ ಪರ್ಫಾರ್ಮೆನ್ಸ್ ಆಫ್ ವಿಂಡೋಸ್' ಅಂತ ಬರೋದನ್ನು ತೆರೆಯಿರಿ. ಅದರಲ್ಲಿ 'ಅಡ್ವಾನ್ಸ್ಡ್' ಟ್ಯಾಬ್, ಕೆಳಗೆ 'ವರ್ಚುವಲ್ ಮೆಮೊರಿ', ಪಕ್ಕದಲ್ಲಿ 'ಚೇಂಜ್' ಬಟನ್. ಮೇಲ್ಗಡೆ 'ಆಟೊಮ್ಯಾಟಿಕಲಿ ಮ್ಯಾನೇಜ್ ಪೇಜಿಂಗ್ ಫೈಲ್ ಸೈಜ್ ಫಾರ್ ಆಲ್ ಡ್ರೈವ್ಸ್' ಅನ್ನೋ ಚೌಕಕ್ಕೆ ಟಿಕ್ ಹಾಕಿ. ಓಕೆ ಒತ್ತಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು. ಅಳತೆ ಎಷ್ಟಿರಬೇಕು ಅನ್ನೋದನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತೆ.

ರೀಸ್ಟಾರ್ಟ್ ಆದಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಎರಡನೇ ಅಂಕಿಯನ್ನು ಮತ್ತೊಮ್ಮೆ ನೋಡಿ. ಚೀಟಿಯಲ್ಲಿ ಬರೆದಿದ್ದಕ್ಕಿಂತ ಹೆಚ್ಚಾಗಿದ್ದರೆ ಕೆಲಸ ಆಯ್ತು.

ಎರಡು: ಸಿ ಡ್ರೈವ್‌ನಲ್ಲಿ ಜಾಗ ಇದೆಯಾ?

ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳಲ್ಲಿ ಒಂದೇ ಡಿಸ್ಕನ್ನು ಸಿ, ಡಿ, ಇ ಅಂತ ಭಾಗ ಮಾಡಿ ಕೊಡೋದು ರೂಢಿ. ಸಿ ಡ್ರೈವ್‌ಗೆ 50 ಜಿಬಿ ಇಟ್ಟು ಉಳಿದದ್ದನ್ನು ಡಿ, ಇ ಗೆ ಹಂಚಿರುತ್ತಾರೆ ಅಂದುಕೊಳ್ಳಿ. ವಿಂಡೋಸ್, ಅದರ ಅಪ್‌ಡೇಟ್, ಡೌನ್‌ಲೋಡ್, ಡೆಸ್ಕ್‌ಟಾಪ್ ಮೇಲಿನ ಫೈಲ್ ಎಲ್ಲವೂ ಸಿ ಯಲ್ಲೇ ತುಂಬಿಕೊಳ್ಳುತ್ತೆ. ಡಿ ಖಾಲಿ ಹೊಡೀತಿರುತ್ತೆ, ಸಿ ಕೆಂಪು ಬಣ್ಣಕ್ಕೆ ತಿರುಗಿರುತ್ತೆ. ಪೇಜಿಂಗ್ ಫೈಲ್ ಆನ್ ಇದ್ದರೂ ಬೆಳೆಯೋಕೆ ಜಾಗ ಇಲ್ಲದಿದ್ದರೆ ಅದೇ ಸಂದೇಶ ಬರುತ್ತೆ.

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್‌ಗೇ ಬಿಟ್ಟರೆ ಪೇಜಿಂಗ್ ಫೈಲ್ ಸಾಮಾನ್ಯವಾಗಿ ರ‍್ಯಾಮ್‌ನ 3 ಪಟ್ಟು ಅಥವಾ 4 ಜಿಬಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿವರೆಗೆ ಬೆಳೆಯಬಹುದು. ಆದರೆ ಆ ಡ್ರೈವ್‌ನ ಒಟ್ಟು ಅಳತೆಯ ಎಂಟನೇ ಒಂದು ಭಾಗವನ್ನು ಮೀರಲ್ಲ. ಅಂದರೆ 4 ಜಿಬಿ ರ‍್ಯಾಮ್‌ಗೆ 12 ಜಿಬಿ ಸಿಗಬೇಕಿತ್ತು, 50 ಜಿಬಿಯ ಸಿ ಡ್ರೈವ್ ಇದ್ದಿದ್ದಕ್ಕೆ 6 ಜಿಬಿ ಆಸುಪಾಸಿಗೇ ನಿಲ್ಲುತ್ತೆ. ಡ್ರೈವ್ ತುಂಬಿದ್ದರೆ ಅದೂ ಸಿಗಲ್ಲ.

ಪರಿಹಾರ ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ತೆರೆದು 'ಟೆಂಪರರಿ ಫೈಲ್ಸ್' ನೋಡಿ. ಹಳೇ ಅಪ್‌ಡೇಟ್‌ಗಳ ಕಸ, ತಾತ್ಕಾಲಿಕ ಫೈಲ್‌ಗಳನ್ನು ಅಲ್ಲಿಂದಲೇ ಅಳಿಸಬಹುದು. ಆದರೆ ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತೆ, ಅದಕ್ಕೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಇಲ್ಲಾಂದ್ರೆ ಇಳಿಸಿಕೊಂಡ ಅಂಕಪಟ್ಟಿ, ಪಹಣಿ, ರಸೀದಿ ಎಲ್ಲ ಒಟ್ಟಿಗೇ ಹೋಗುತ್ತೆ. ರೀಸೈಕಲ್ ಬಿನ್ ಕೂಡ ಖಾಲಿ ಮಾಡೋ ಮುಂಚೆ ಒಮ್ಮೆ ತೆರೆದು ನೋಡಿ. ಫೋಟೊ, ವಿಡಿಯೊಗಳನ್ನು ಡಿ ಡ್ರೈವ್‌ಗೆ ಸಾಗಿಸಿ.

ಅಷ್ಟು ಮಾಡಿಯೂ ಸಿ ಯಲ್ಲಿ ಜಾಗ ಸಾಲದಿದ್ದರೆ ಪೇಜಿಂಗ್ ಫೈಲ್‌ನ ದೊಡ್ಡ ಪಾಲನ್ನು ಡಿ ಡ್ರೈವ್‌ನಲ್ಲಿ ಇಡಬಹುದು. ಆ ಟಿಕ್ ತೆಗೆದು, ಡಿ ಆಯ್ಕೆ ಮಾಡಿ, 'ಕಸ್ಟಮ್ ಸೈಜ್'ನಲ್ಲಿ ಮೊದಲ ಮನೆಗೆ 4096, ಎರಡನೆಯದಕ್ಕೆ 8192 ಅಂತ ಹಾಕಿ. ಇದು ಎಂಬಿ ಲೆಕ್ಕ, 4 ಜಿಬಿಯಿಂದ 8 ಜಿಬಿವರೆಗೆ ಅಂತ ಅರ್ಥ. ಆಮೇಲೆ 'ಸೆಟ್' ಬಟನ್ ಒತ್ತಲೇಬೇಕು. ಅದನ್ನು ಒತ್ತದೆ ಓಕೆ ಮಾಡಿದರೆ ಬದಲಾವಣೆ ಆಗೋದೇ ಇಲ್ಲ. ಸಿ ಯಲ್ಲೂ ಚಿಕ್ಕದೊಂದು ಪೇಜಿಂಗ್ ಫೈಲ್ ಉಳಿಸಿಕೊಳ್ಳಿ. ನೀಲಿ ಪರದೆ ಬಂದು ಕಂಪ್ಯೂಟರ್ ನಿಂತರೆ, ಯಾಕೆ ನಿಂತಿತು ಅನ್ನೋ ವಿವರ ಬರೆದಿಡೋಕೆ ವಿಂಡೋಸ್‌ಗೆ ಅದು ಬೇಕಾಗುತ್ತೆ. ಪೆನ್‌ಡ್ರೈವ್, ಯುಎಸ್‌ಬಿ ಹಾರ್ಡ್ ಡಿಸ್ಕ್‌ ಈ ಕೆಲಸಕ್ಕಲ್ಲ.

ಮೂರು: ಒಂದೇ ಪ್ರೋಗ್ರಾಂ ಎಲ್ಲ ನುಂಗ್ತಿದೆಯಾ?

ಪೇಜಿಂಗ್ ಫೈಲೂ ಇದೆ, ಜಾಗವೂ ಇದೆ, ಆದರೂ ಸಂದೇಶ ಬರ್ತಿದ್ದರೆ ಯಾವುದೋ ಪ್ರೋಗ್ರಾಂ ತಗೊಂಡ ಮೆಮೊರಿಯನ್ನು ವಾಪಸ್ ಕೊಡ್ತಿಲ್ಲ ಅಂತ ಸಂಶಯಪಡಬೇಕು. ಟಾಸ್ಕ್ ಮ್ಯಾನೇಜರ್‌ನ 'ಡೀಟೇಲ್ಸ್' ವಿಭಾಗದಲ್ಲಿ ಮೇಲಿನ ಶೀರ್ಷಿಕೆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಲೆಕ್ಟ್ ಕಾಲಮ್ಸ್'ನಲ್ಲಿ 'ಕಮಿಟ್ ಸೈಜ್' ಸೇರಿಸಿಕೊಳ್ಳಿ. ಅದರ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ನುಂಗ್ತಿರೋದು ಮೇಲೆ ಬರುತ್ತೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿ. ಕೆಲಸ ಮಾಡದೆ ಸುಮ್ಮನಿದ್ದರೂ ಒಂದರ ಅಂಕಿ ಏರುತ್ತಲೇ ಇದ್ದರೆ ಕಳ್ಳ ಸಿಕ್ಕ ಹಾಗೆ. ಅದನ್ನು ಅಪ್‌ಡೇಟ್ ಮಾಡಿ, ಆಗದಿದ್ದರೆ ತೆಗೆದುಹಾಕಿ.

ನೀವು ನೋಡದ ಹೊತ್ತಿನಲ್ಲಿ ತೊಂದರೆ ಆಗಿದ್ದರೂ ದಾಖಲೆ ಸಿಗಬಹುದು. 'ಈವೆಂಟ್ ವ್ಯೂವರ್' ತೆರೆದು 'ವಿಂಡೋಸ್ ಲಾಗ್ಸ್'ನ 'ಸಿಸ್ಟಮ್' ಪಟ್ಟಿಯಲ್ಲಿ 2004 ಸಂಖ್ಯೆಯ, 'ರಿಸೋರ್ಸ್ ಎಕ್ಸಾಶನ್ ಡಿಟೆಕ್ಟರ್' ಹೆಸರಿನ ನಮೂದು ಹುಡುಕಿ. ಆ ಹೊತ್ತಿಗೆ ಅತಿ ಹೆಚ್ಚು ವರ್ಚುವಲ್ ಮೆಮೊರಿ ಬಳಸುತ್ತಿದ್ದ ಪ್ರೋಗ್ರಾಂಗಳ ಹೆಸರು ಅದರಲ್ಲೇ ಇರುತ್ತೆ.

ಆನ್ ಮಾಡಿದಾಗಲೆಲ್ಲ ಸಂದೇಶ ಬಂದರೆ ಎಚ್ಚರ

'ತಾತ್ಕಾಲಿಕ ಪೇಜಿಂಗ್ ಫೈಲ್' ಸಂದೇಶ ದಿನವೂ ಬರ್ತಿದ್ದರೆ, ಪೇಜಿಂಗ್ ಫೈಲ್ ಇರಬೇಕಾದ ಡ್ರೈವ್ ವಿಂಡೋಸ್‌ಗೆ ಸಿಗ್ತಿಲ್ಲ ಅನ್ನೋ ಸಾಧ್ಯತೆ ಇದೆ. ಹಿಂದೆ ಡಿ ಗೆ ಸಾಗಿಸಿ ಆಮೇಲೆ ಆ ಡಿಸ್ಕ್ ತೆಗೆದಿರಬಹುದು, ಇಲ್ಲವೇ ಡಿಸ್ಕ್ ಹಾಳಾಗ್ತಿರಬಹುದು. ಮೇಲೆ ಹೇಳಿದ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ ನೋಡಿ. ಮತ್ತೆ ಅದೇ ಬಂದರೆ ಬೇರೆ ಪ್ರಯೋಗಕ್ಕೆ ಕೈ ಹಾಕದೆ ಮೊದಲು ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಡ್ರೈವ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಟೂಲ್ಸ್', 'ಚೆಕ್' ಒತ್ತಿ ಪರೀಕ್ಷಿಸಿ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರ್ತಿದ್ದರೆ ಬ್ಯಾಕಪ್‌ಗೆ ನಾಳೆ ಅನ್ನಬೇಡಿ.

ಎಸ್‌ಎಸ್‌ಡಿ ಹಾಳಾಗುತ್ತಾ?

'ಎಸ್‌ಎಸ್‌ಡಿ ಇದ್ದರೆ ಪೇಜಿಂಗ್ ಫೈಲ್ ತೆಗೀರಿ, ಇಲ್ಲಾಂದ್ರೆ ಬೇಗ ಸವೆಯುತ್ತೆ' ಅನ್ನೋ ಮಾತು ಇನ್ನೂ ಓಡಾಡ್ತಿದೆ. ಮೈಕ್ರೋಸಾಫ್ಟ್‌ನ ವಿಂಡೋಸ್ 7 ತಂಡ 2009ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಅವರು ನೋಡಿದ ಪ್ರಕಾರ ಪೇಜಿಂಗ್ ಫೈಲ್‌ನಲ್ಲಿ ಬರೆಯೋದಕ್ಕಿಂತ ಓದೋದು ಸುಮಾರು 40 ಪಟ್ಟು ಹೆಚ್ಚು. ಎಸ್‌ಎಸ್‌ಡಿ ಮೇಲೆ ಇಡೋಕೆ ಇದಕ್ಕಿಂತ ಸೂಕ್ತವಾದ ಫೈಲ್‌ಗಳು ಕಡಿಮೆ ಅಂತಲೇ ಅವರು ಹೇಳಿದ್ದು. ಹಾಗಾಗಿ ಆ ಭಯಕ್ಕೆ ಆಫ್ ಮಾಡಬೇಡಿ.

ರ‍್ಯಾಮ್ ನಿಜಕ್ಕೂ ಬೇಕಾಗೋದು ಯಾವಾಗ?

ಗೋದಾಮು ಎಷ್ಟೇ ದೊಡ್ಡದಾದರೂ ಕಪಾಟಿಗೆ ಸಮ ಅಲ್ಲ. ಹಾರ್ಡ್ ಡಿಸ್ಕ್‌ನಿಂದ ಮಾಹಿತಿ ಹುಡುಕಿ ತರೋಕೆ ರ‍್ಯಾಮ್‌ಗಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು ಹೊತ್ತು ಬೇಕು. ದಿನನಿತ್ಯದ ಕೆಲಸಕ್ಕೇ 'ಕಮಿಟೆಡ್'ನ ಮೊದಲ ಅಂಕಿ ರ‍್ಯಾಮ್‌ಗಿಂತ ಬಹಳ ಮೇಲಿದ್ದು, ಡಿಸ್ಕ್ 100 ಶೇಕಡಾದಲ್ಲೇ ಕೂತು, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗೋಕೂ ಕಾಯಬೇಕಾದರೆ ರ‍್ಯಾಮ್ ಹಾಕಿಸೋದೇ ಸರಿ.

ದುಡ್ಡು ಕೊಡೋ ಮುಂಚೆ ಎರಡು ನೋಡಿ. ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ 'ಸಿಸ್ಟಮ್ ಟೈಪ್' ಮುಂದೆ 32 ಬಿಟ್ ಅಂತಿದ್ದರೆ ಮನೆ ಬಳಕೆಯ ವಿಂಡೋಸ್ 4 ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸೋದೇ ಇಲ್ಲ. 64 ಬಿಟ್ ವಿಂಡೋಸ್ ಹಾಕದೆ 8 ಜಿಬಿ ಮಾಡಿಸಿದರೆ ದುಡ್ಡು ದಂಡ. ಎರಡನೆಯದು, ಡಿಡಿಆರ್3 ಇರೋ ಜಾಗದಲ್ಲಿ ಡಿಡಿಆರ್4 ಕೂರಲ್ಲ. ಹಳೇ ರ‍್ಯಾಮ್ ಯಾವುದು ಅಂತ ತಿಳಿದುಕೊಂಡೇ ತನ್ನಿ.

ಮೆಮೊರಿ ಹೆಚ್ಚಿಸೋ ಸಾಫ್ಟ್‌ವೇರ್ ಬೇಡ

ಈ ತೊಂದರೆಗೆ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದೇ 'ಬೂಸ್ಟರ್', 'ಕ್ಲೀನರ್' ಜಾಹೀರಾತು. 1995ರಲ್ಲಿ ಅಮೆರಿಕದಲ್ಲಿ 'ಸಾಫ್ಟ್‌ರ‍್ಯಾಮ್ 95' ಅನ್ನೋ ಸಾಫ್ಟ್‌ವೇರ್ ಮೆಮೊರಿಯನ್ನು ಎರಡು ಪಟ್ಟು ಮಾಡ್ತೀನಿ ಅಂತ ಮಾರಾಟವಾಗಿತ್ತು. ಪರೀಕ್ಷಿಸಿದಾಗ ವಿಂಡೋಸ್ 95ರಲ್ಲಿ ಅದು ಮೆಮೊರಿ ಹೆಚ್ಚಿಸ್ತಿರಲಿಲ್ಲ ಅಂತ ಗೊತ್ತಾಗಿ, ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ ಕಂಪನಿ ಮೇಲೆ ಕ್ರಮ ಕೈಗೊಂಡಿತ್ತು. ಸಾಫ್ಟ್‌ವೇರ್‌ನಿಂದ ಆಗಬೇಕಾದ ಕೆಲಸವನ್ನು ವಿಂಡೋಸ್‌ನ ಪೇಜಿಂಗ್ ಫೈಲೇ ಮಾಡುತ್ತೆ, ಅದಕ್ಕೆ ಬೇರೆ ದುಡ್ಡು ಬೇಡ. 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈ ನಂಬರ್‌ಗೆ ಫೋನ್ ಮಾಡಿ' ಅಂತ ಪರದೆ ಮೇಲೆ ಬಂದರೆ ಫೋನ್ ಮಾಡಲೇಬೇಡಿ. ವಿಂಡೋಸ್‌ನ ನಿಜವಾದ ಸಂದೇಶದಲ್ಲಿ ಫೋನ್ ನಂಬರ್ ಇರಲ್ಲ. ಹೀಗೆ ಮೋಸ ಹೋಗಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ನೋಡಿಯೂ ಸರಿಹೋಗದಿದ್ದರೆ ಅಂಗಡಿಗೆ ಒಯ್ಯಿರಿ. ಬರಿಗೈಲಿ ಹೋಗಬೇಡಿ: 'ಕಮಿಟೆಡ್'ನ ಎರಡು ಅಂಕಿ, ಸಿ ಡ್ರೈವ್‌ನಲ್ಲಿ ಉಳಿದಿರೋ ಜಾಗ, ಹೆಚ್ಚು ಮೆಮೊರಿ ತಗೊಳ್ತಿರೋ ಪ್ರೋಗ್ರಾಂ ಹೆಸರು, ಈ ಮೂರನ್ನೂ ಬರೆದುಕೊಂಡು ಹೋಗಿ. ರಿಪೇರಿಯವರಿಗೂ ಕೆಲಸ ಹಗುರವಾಗುತ್ತೆ. 'ಫಾರ್ಮ್ಯಾಟ್ ಮಾಡೋಣ' ಅಂದರೆ 'ಯಾಕೆ?' ಅಂತ ಕೇಳೋಕೆ ನಿಮಗೂ ಧೈರ್ಯ ಇರುತ್ತೆ.