ಟ್ರ್ಯಾಕ್ಟರಿಗೆ ತಾಸು, ಬೊಲೆರೊಗೆ ಕಿಲೋಮೀಟರ್

ಸಿಂದಗಿ ತಾಲೂಕಿನ ಯಂಕಂಚಿಯಂಥ ಊರಿನಲ್ಲಿ ನಾಲ್ಕಾರು ಎಕರೆ ಎರಿ ಹೊಲ ಇರುವ ಮನೆಯ ಅಂಗಳದಲ್ಲಿ ಎರಡು ಡೀಸೆಲ್ ಎಂಜಿನ್‌ಗಳು ಅಕ್ಕಪಕ್ಕ ನಿಂತಿರುವುದು ಈಗ ಅಪರೂಪವಲ್ಲ. ಒಂದು ಟ್ರ್ಯಾಕ್ಟರಿನದು. ಇನ್ನೊಂದು ಮದುವೆಗೆ, ಜಾತ್ರೆಗೆ, ಸಿಂದಗಿ ಪೇಟೆಗೆ, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ವಿಜಯಪುರದ ಆಸ್ಪತ್ರೆಗೆ ಓಡುವ ಬೊಲೆರೊದ್ದೋ ಸ್ಕಾರ್ಪಿಯೊದ್ದೋ. ಬೊಲೆರೊ ಮಾರುಕಟ್ಟೆಗೆ ಬಂದದ್ದು 2000ದಲ್ಲಿ, ಸ್ಕಾರ್ಪಿಯೊ 2002ರಲ್ಲಿ. ಕಾರು ಎಂದು ಯಾರೂ ಕರೆಯದ, ಎಲ್ಲರೂ ‘ಗಾಡಿ’ ಎನ್ನುವ ಈ ಎರಡು ಹೆಸರುಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೇರೂರಿ ಎರಡು ದಶಕ ದಾಟಿವೆ.

ಅಕ್ಕಪಕ್ಕ ನಿಂತ ಈ ಎರಡು ಎಂಜಿನ್‌ಗಳ ದುಡಿಮೆಯನ್ನು ನಾವು ಅಳೆಯುವ ರೀತಿ ಮಾತ್ರ ಬೇರೆ ಬೇರೆ. ಟ್ರ್ಯಾಕ್ಟರಿನ ಮೀಟರ್ ತಾಸು ಎಣಿಸುತ್ತದೆ. ಸಾಮಾನ್ಯವಾಗಿ 250 ತಾಸಿಗೊಮ್ಮೆ ಅದರ ಆಯಿಲ್ ಬದಲಿಸುತ್ತಾರೆ. ಬೊಲೆರೊದ ಮೀಟರ್ ಕಿಲೋಮೀಟರ್ ಎಣಿಸುತ್ತದೆ. ಅದಕ್ಕೆ 10,000 ಕಿಲೋಮೀಟರಿಗೊಮ್ಮೆ ಸರ್ವಿಸ್. ‘ಗಾಡಿ ಭಾಳ ಓಡಿಲ್ರಿ, ವರ್ಷಕ್ಕ ಆರು ಸಾವಿರ ಅಷ್ಟ’ ಎಂದು ಮಾಲೀಕ ನಿಶ್ಚಿಂತನಾಗಿರುತ್ತಾನೆ. ಟ್ರ್ಯಾಕ್ಟರಿನ ಬಗ್ಗೆ ಅದೇ ಮನುಷ್ಯ ಹಾಗೆ ಮಾತಾಡುವುದಿಲ್ಲ. ಹೊಲದಲ್ಲಿ ಅದು ಎಷ್ಟು ದೂರ ಹೋಯಿತು ಎಂಬುದಕ್ಕೆ ಅರ್ಥವಿಲ್ಲ, ಎಷ್ಟು ಹೊತ್ತು ದುಡಿಯಿತು ಎಂಬುದೇ ಮುಖ್ಯ ಎಂದು ಅವನಿಗೆ ಗೊತ್ತು.

ಸಣ್ಣ ಲೆಕ್ಕವೊಂದನ್ನು ಹಾಕೋಣ. ತಾಸಿಗೆ ಸರಾಸರಿ 40 ಕಿಲೋಮೀಟರ್ ವೇಗದಲ್ಲಿ ಓಡಿದರೆ 10,000 ಕಿಲೋಮೀಟರಿಗೆ ಹಿಡಿಯುವ ಸಮಯ ಸರಿಯಾಗಿ 250 ತಾಸು. ಅಂದರೆ ಎರಡು ಲೆಕ್ಕಗಳೂ ಒಂದೇ, ಆ ವೇಗ ಸಿಗುವುದಾದರೆ. ಹೊಲದ ದಾರಿ, ಊರೊಳಗಿನ ಓಣಿ, ಕಬ್ಬಿನ ಟ್ರೇಲರುಗಳ ಹಿಂದೆ ತೆವಳುವ ಹಾದಿ, ಎ.ಸಿ. ಹಾಕಿಕೊಂಡು ಮಂಟಪದ ಎದುರು ಕಾಯುವುದು, ಇವೆಲ್ಲ ಸೇರಿ ಸರಾಸರಿ ವೇಗ 20ಕ್ಕೆ ಇಳಿದರೆ ಆ 250 ತಾಸು 5,000 ಕಿಲೋಮೀಟರಿಗೇ ಮುಗಿದಿರುತ್ತದೆ. ಹೆದ್ದಾರಿಯಲ್ಲೇ ಓಡುವ ಬೆಂಗಳೂರಿನ ಟ್ಯಾಕ್ಸಿಯ ಕಿಲೋಮೀಟರೂ ನಮ್ಮ ಕಿಲೋಮೀಟರೂ ಎಂಜಿನ್ನಿನ ಪಾಲಿಗೆ ಒಂದೇ ಅಲ್ಲ. (ಹಳೆಯ ಟ್ರ್ಯಾಕ್ಟರುಗಳ ಮೀಟರ್ ಇನ್ನೂ ಜಾಣ. ಅದು ಗಡಿಯಾರದ ತಾಸನ್ನಲ್ಲ, ಎಂಜಿನ್ ಎಷ್ಟು ಸುತ್ತು ತಿರುಗಿತು ಎಂಬುದನ್ನೇ ತಾಸಿಗೆ ಇಳಿಸಿ ತೋರಿಸುತ್ತದೆ.)

ಗಾಡಿ ಮಾಡುವವರಿಗೆ ಇದು ಗೊತ್ತಿಲ್ಲದ್ದಲ್ಲ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ವಿಮೆ ಕಾಗದದ ಕೆಳಗೆ ಬಿದ್ದಿರುವ ಮಾಲೀಕರ ಕೈಪಿಡಿಯನ್ನು ತೆಗೆದರೆ ಸರ್ವಿಸ್ ಪಟ್ಟಿಯ ಜೊತೆಗೆ, ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ, ಕಠಿಣ ಬಳಕೆಯ ಗಾಡಿಗಳಿಗೆ ಈ ಅವಧಿಯನ್ನು ಕಡಿಮೆ ಮಾಡಿರಿ ಎಂಬ ಸೂಚನೆ ಇರುತ್ತದೆ. ಕಠಿಣ ಬಳಕೆ ಎಂದರೇನು? ಧೂಳಿನ ರಸ್ತೆ, ಸಣ್ಣ ಸಣ್ಣ ಓಡಾಟ, ನಿಂತಲ್ಲೇ ಎಂಜಿನ್ ಓಡಿಸುವುದು, ತುಂಬು ಭಾರ, ಅತಿ ಬಿಸಿಲು, ಅತಿ ಚಳಿ. ಚಳಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ದಿನನಿತ್ಯದ ಬದುಕು. ಕೈಪಿಡಿಯ ಪಾಲಿಗೆ ವಿಶೇಷ ಸಂದರ್ಭವಾದದ್ದು ಇಲ್ಲಿ ಸೋಮವಾರದಿಂದ ಭಾನುವಾರದವರೆಗೂ ನಡೆಯುತ್ತದೆ.

ಎಂಜಿನ್ನಿನೊಳಗೆ ಸವೆಯುವುದು ಏನು, ಯಾವಾಗ ಎಂದು ನೋಡಿದರೆ ತಾಸಿನ ಲೆಕ್ಕ ಯಾಕೆ ಬೇಕೆಂಬುದು ತಿಳಿಯುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ಕಾಲದಿಂದಲೂ ಎಣ್ಣೆ ಜಾರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೇಗೆ ಜಾರಿಸುತ್ತದೆ ಎಂಬುದು ಮಾತ್ರ 1883ರವರೆಗೆ ಸ್ಪಷ್ಟವಿರಲಿಲ್ಲ. ಆ ವರ್ಷ ಇಂಗ್ಲೆಂಡಿನಲ್ಲಿ ಬೋಷಾಂಪ್ ಟವರ್ ಎಂಬ ಎಂಜಿನಿಯರ್ ರೈಲು ಗಾಲಿಯ ಬೇರಿಂಗಿನ ಮೇಲೆ ಪ್ರಯೋಗ ಮಾಡುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ತಲೆಗೆ ತೂತು ಕೊರೆದ. ಗಾಲಿ ತಿರುಗಿದಾಗ ಆ ತೂತಿನಿಂದ ಎಣ್ಣೆ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿತು. ಕಾರ್ಕ್ ಬಡಿದ, ಅದು ಹಾರಿತು. ಮರದ ಬೆಣೆ ಹೊಡೆದ, ಅದೂ ಹೊರಬಂತು. ಒತ್ತಡ ಅಳೆಯುವ ಗೇಜ್ ಜೋಡಿಸಿದಾಗ ಗೊತ್ತಾದದ್ದು ಇಷ್ಟು: ಬೇರಿಂಗಿನ ಮೇಲೆ ಬಿದ್ದ ಸರಾಸರಿ ಒತ್ತಡದ ಎರಡು ಪಟ್ಟಿಗೂ ಹೆಚ್ಚು ಒತ್ತಡ ಆ ಎಣ್ಣೆಯ ಪದರದಲ್ಲಿತ್ತು. ತಿರುಗುವ ಅಚ್ಚು ತನ್ನ ಜೊತೆ ಎಣ್ಣೆಯನ್ನು ಇಕ್ಕಟ್ಟಿನ ಸಂದಿಗೆ ಎಳೆದುಕೊಂಡು, ಅದರ ಮೇಲೆ ತಾನೇ ತೇಲುತ್ತದೆ. ಲೋಹಕ್ಕೆ ಲೋಹ ತಾಕುವುದೇ ಇಲ್ಲ. ಮೂರು ವರ್ಷದ ಬಳಿಕ, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತ ಬರೆದ. ಇಂದಿನ ಎಂಜಿನ್ನಿನ ಬೇರಿಂಗುಗಳೆಲ್ಲ ಆ ಗಣಿತದ ಮೇಲೆಯೇ ನಿಂತಿವೆ.

ಅಚ್ಚು ತಿರುಗುತ್ತಿದ್ದರೆ ಮಾತ್ರ ಅದು ತೇಲುತ್ತದೆ ಎಂಬುದು ಇಲ್ಲಿನ ಕೊಕ್ಕೆ. ಬೆಳಗ್ಗೆ ಕೀಲಿ ತಿರುಗಿಸಿದ ಮೊದಲ ಕ್ಷಣಗಳಲ್ಲಿ ಎಣ್ಣೆಯ ಪದರ ಇನ್ನೂ ಕೂತಿರುವುದಿಲ್ಲ. ಆಗ ಲೋಹವನ್ನು ಕಾಯುವುದು ಎಣ್ಣೆಗೆ ಬೆರೆಸಿದ ಸತು ಮತ್ತು ರಂಜಕದ ಸಂಯುಕ್ತಗಳು. ಅವು ಲೋಹದ ಮೈಗೆ ತೆಳುವಾದ ಲೇಪ ಹಚ್ಚುತ್ತವೆ, ಬಳಸಿದಂತೆ ಖರ್ಚಾಗುತ್ತವೆ. ಹೀಗಾಗಿ ಸಿಂದಗಿಗೆ ಹೋಗಿ ಬರುವ ಹತ್ತು ಸಣ್ಣ ಓಡಾಟ, ಹುಬ್ಬಳ್ಳಿಗೆ ಒಂದೇ ಉಸಿರಿನಲ್ಲಿ ಹೋಗಿ ಬರುವುದಕ್ಕಿಂತ ಎಂಜಿನ್ನಿಗೆ ದುಬಾರಿ. ಡೀಸೆಲ್ ಎಂಜಿನ್ನಿನ ಎಣ್ಣೆ ಬೇಗ ಕಪ್ಪಾಗುವುದನ್ನು ನೋಡಿ ಕೆಟ್ಟಿತು ಎಂದುಕೊಳ್ಳುವವರಿದ್ದಾರೆ. ಮಸಿಯನ್ನು ಕೆಳಗೆ ಕೂರಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಎಣ್ಣೆಯ ಕೆಲಸವೇ ಆದ್ದರಿಂದ ಬಣ್ಣ ಏನನ್ನೂ ಹೇಳುವುದಿಲ್ಲ.

ಈಗ ಧೂಳಿಗೆ ಬರೋಣ. ನಮ್ಮ ಸೀಮೆಯ ವಿಷಯವೇ ಅದು. ಹಳೆಯ ಬೊಲೆರೊದ ಎಂಜಿನ್ ಸುಮಾರು ಎರಡೂವರೆ ಲೀಟರಿನದು. ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಟರ್ಬೊ ನೂಕುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಅದು ನಿಮಿಷಕ್ಕೆ 2,500 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ತಾಸಿಗೆ ಒಂದೂವರೆ ಲಕ್ಷ ಲೀಟರ್. ಸುಗ್ಗಿಯಲ್ಲಿ ಹೊಲದ ದಾರಿಯ ಗಾಳಿ ಹೇಗಿರುತ್ತದೆಂದು ಹೇಳಬೇಕಿಲ್ಲ. ಎರಿ ಮಣ್ಣಿನ ಜೇಡಿ ಕಣಗಳು ಎರಡು ಮೈಕ್ರಾನಿಗಿಂತ ಸಣ್ಣವು, ಅಂದರೆ ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಕಡಿಮೆ. ಅವುಗಳ ಜೊತೆಗೇ ಇನ್ನಷ್ಟು ದಪ್ಪ, ಗಡಸು ಕಣಗಳೂ ಇರುತ್ತವೆ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವಿನ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಅದಕ್ಕಿಂತ ತೀರ ಸಣ್ಣ ಕಣ ತೇಲಿ ಹೋಗುತ್ತದೆ, ತೀರ ದೊಡ್ಡದು ಸಂದಿಯೊಳಗೆ ಹೋಗಲಾರದು. ಪದರದಷ್ಟೇ ದಪ್ಪವಾದದ್ದು ಎರಡು ಲೋಹಗಳ ನಡುವೆ ಸಿಕ್ಕಿ ಗೀರುತ್ತದೆ.

ಏರ್ ಫಿಲ್ಟರ್ ಇರುವುದು ಇದಕ್ಕೇ. ಆದರೆ ಅದನ್ನು ನೋಡಿಕೊಳ್ಳುವ ವಿಷಯದಲ್ಲಿ ನಮ್ಮಲ್ಲಿ ಎರಡು ಅತಿಗಳಿವೆ. ಕೆಲವರು ಬಿಚ್ಚಿಯೇ ನೋಡುವುದಿಲ್ಲ. ಇನ್ನು ಕೆಲವರು ಪಂಕ್ಚರ್ ಅಂಗಡಿ ಕಂಡಲ್ಲೆಲ್ಲ ಕಂಪ್ರೆಸರ್ ಹವಾ ಹೊಡೆಸುತ್ತಾರೆ. ಎರಡನೆಯದು ಮೇಲ್ನೋಟಕ್ಕೆ ಕಾಳಜಿಯಂತೆ ಕಂಡರೂ ಅಷ್ಟು ಒಳ್ಳೆಯದಲ್ಲ. ಕಾಗದದ ಫಿಲ್ಟರ್ ತೀರ ಹೊಸದಿದ್ದಾಗಲೇ ಅತಿ ಸಣ್ಣ ಧೂಳನ್ನು ಒಳಗೆ ಬಿಡುವುದು ಹೆಚ್ಚು. ಒಂದಷ್ಟು ಧೂಳು ಕೂತ ಮೇಲೆ ಆ ಧೂಳಿನ ಪದರವೇ ಇನ್ನೂ ಸಣ್ಣ ಕಣಗಳನ್ನು ತಡೆಯುತ್ತದೆ. ಜೋರಾಗಿ ಹವಾ ಹೊಡೆದರೆ ಆ ಪದರವೂ ಹೋಗುತ್ತದೆ, ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳೂ ಬೀಳುತ್ತವೆ. ತೀರ ಕಟ್ಟಿಕೊಂಡಾಗ ಎಂಜಿನ್ ಉಸಿರಾಟಕ್ಕೆ ಒದ್ದಾಡುವುದು ನಿಜ. ಆಗ ಬದಲಿಸಬೇಕು, ಬೆಲೆಯೂ ದೊಡ್ಡದಲ್ಲ. ಅದಕ್ಕಿಂತ ಮುಖ್ಯ, ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪು ಬಿಗಿಯಾಗಿದೆಯೇ, ಪೈಪು ಬಿರುಕು ಬಿಟ್ಟಿದೆಯೇ ನೋಡುವುದು. ಅಲ್ಲಿ ಸಂದಿಯಿದ್ದರೆ ಎಂಥ ಫಿಲ್ಟರ್ ಹಾಕಿದರೂ ವ್ಯರ್ಥ.

ಎರಿ ಮಣ್ಣು ಇನ್ನೊಂದು ದಾರಿಯಿಂದಲೂ ಕೈಚಳಕ ತೋರಿಸುತ್ತದೆ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಈ ನೆಲದ ಮೇಲೆ ಹಾಸಿದ ಡಾಂಬರು ಕೆಲವೇ ಮಳೆಗಾಲದಲ್ಲಿ ಅಲೆ ಅಲೆಯಾಗುತ್ತದೆ. ಗುಂಡಿ ಕಾಣದ ರಸ್ತೆಯಲ್ಲೂ ಶಾಕ್ ಅಬ್ಸಾರ್ಬರ್, ಬುಷ್, ಹಿಂದಿನ ಪಾಟಾಗಳು ಬಿಡುವಿಲ್ಲದೆ ದುಡಿಯುತ್ತವೆ. ಮಳೆಗಾಲದಲ್ಲಿ ಗಾಲಿಯ ಒಳಮೈಗೆ ಅಂಟಿದ ಕೆಸರು ಒಣಗಿ ಕಲ್ಲಾಗಿ ಗಾಲಿಯ ತೂಕ ತಪ್ಪಿಸುತ್ತದೆ. ಸ್ಟಿಯರಿಂಗ್ ನಡುಗಿದರೆ ಅಲೈನ್‌ಮೆಂಟ್ ಮಾಡಿಸುವ ಮೊದಲು ನೀರು ಹೊಡೆದು ತೊಳೆಯಿರಿ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಹೊಸ ಅತಿಥಿಯೊಂದು ಸೇರಿದೆ, ಮಸಿ ಹಿಡಿಯುವ ಫಿಲ್ಟರ್. ಗ್ಯಾರೇಜಿನಲ್ಲಿ ಅದಕ್ಕೆ ಡಿಪಿಎಫ್ ಎನ್ನುತ್ತಾರೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು, ಅದಕ್ಕೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಹೆದ್ದಾರಿಯಲ್ಲಿ ಹದವಾದ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಿದರೆ ಆ ಕೆಲಸ ತಾನಾಗಿ ಆಗುತ್ತದೆ. ಊರೊಳಗಿನ ಓಡಾಟದಲ್ಲಿ ಆಗುವುದಿಲ್ಲ. ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಬಿಸಿ ಏರಿಸಲು ನೋಡುತ್ತದೆ, ಅಷ್ಟರಲ್ಲಿ ಮನೆ ಬಂತೆಂದು ನಾವು ಬಂದ್ ಮಾಡುತ್ತೇವೆ. ಕೆಲವು ಗಾಡಿಗಳಲ್ಲಿ ಆ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಡ್ಡಿ ತೆಗೆದು ನೋಡಿದಾಗ ಮಟ್ಟ ಮೊದಲಿಗಿಂತ ಏರಿದ್ದರೆ ಖುಷಿಪಡುವಂತಿಲ್ಲ, ಎಣ್ಣೆ ತೆಳ್ಳಗಾಗಿದೆ ಎಂದರ್ಥ. ಸಿಂದಗಿಯಿಂದ ವಿಜಯಪುರಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಆಗೊಮ್ಮೆ ಈಗೊಮ್ಮೆ ಆ ದಾರಿಯಲ್ಲಿ ನಿಲ್ಲದೆ ಹೋಗಿ ಬರುವುದು ಈ ಫಿಲ್ಟರಿಗೆ ಕಾಸಿಲ್ಲದ ಸರ್ವಿಸ್.

ಅದೇ ಬಿಸಿ ಸುಗ್ಗಿಯಲ್ಲಿ ಅಪಾಯವೂ ಹೌದು. ರಸ್ತೆ ಮೇಲೆ ರಾಶಿ ಮಾಡಬೇಡಿ ಎಂಬ ಎಚ್ಚರಿಕೆ ಕೇಳಿಬರುತ್ತಲೇ ಇರುತ್ತದೆ, ರಾಶಿಯೂ ನಡೆಯುತ್ತಲೇ ಇರುತ್ತದೆ. ಒಣ ಬಳ್ಳಿ, ಹೊಟ್ಟು ಗಾಡಿಯ ಹೊಟ್ಟೆಗೆ ಸುತ್ತಿಕೊಂಡು ಸೈಲೆನ್ಸರಿಗೆ ತಾಕಿದರೆ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ. ರಸ್ತೆಗೆ ಹಾಸಿದ ಹುರುಳಿ ಬಳ್ಳಿ ಸಿಕ್ಕಿ ಕಾರುಗಳು ಸುಟ್ಟ ಘಟನೆ ನಮ್ಮ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಒಂದಲ್ಲ, ಹಲವು ನಡೆದಿವೆ. ಕಣ ದಾಟಿದ ಮೇಲೆ ಇಳಿದು ಬಗ್ಗಿ ನೋಡಬೇಕು. ತೊಗರಿ ಕಟ್ಟಿಗೆಯ ಮೇಲೆ ಬಿಸಿ ಗಾಡಿಯನ್ನು ನಿಲ್ಲಿಸಲೇಬಾರದು.

ಇಲ್ಲಿನ ಗಾಡಿಗೆ ವರ್ಷದ ದೊಡ್ಡ ಪರೀಕ್ಷೆ ಯುಗಾದಿಯ ಮುಂಚೆ ಬರುತ್ತದೆ. ಶ್ರೀಶೈಲದ ಮಲ್ಲಯ್ಯನಿಗೆ ಪಾದಯಾತ್ರೆ ಹೊರಟವರ ಹಿಂದೆ ರೊಟ್ಟಿ, ನೀರು, ಹಾಸಿಗೆ ಹೇರಿಕೊಂಡು ಮನೆಯ ಗಾಡಿಯೂ ನಡೆಯುತ್ತದೆ. ನಡೆಯುತ್ತದೆ ಎಂಬುದು ಅಕ್ಷರಶಃ ನಿಜ, ತಾಸಿಗೆ ನಾಲ್ಕೈದು ಕಿಲೋಮೀಟರ್. ಬಿಸಿಲು 40ರ ಹತ್ತಿರ. ಓಡುವ ಗಾಡಿಗೆ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ತೆವಳುವ ಗಾಡಿಗೆ ಫ್ಯಾನ್ ಒಂದೇ ಗತಿ. ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಗಾಲಿಗೆ ಹೋದರೆ, ಅಷ್ಟೇ ಭಾಗ ಕೂಲೆಂಟಿಗೆ ಹೋಗುತ್ತದೆ.

ದಾರಿಯಲ್ಲಿ ಕೂಲೆಂಟ್ ಇಳಿದರೆ ಬೋರ್‌ವೆಲ್ ನೀರು ಸುರಿಯುವುದು ರೂಢಿ. ನಮ್ಮ ಕಡೆಯ ನೀರಿನ ಗಡಸುತನ ಎಲ್ಲರಿಗೂ ಗೊತ್ತು, ಡೋಣಿ ಹೊಳೆ ದಂಡೆಯವರನ್ನಂತೂ ಕೇಳಲೇಬೇಡಿ. ಆ ನೀರು ಕಾದಾಗ ಅದರಲ್ಲಿನ ಸುಣ್ಣದ ಅಂಶ ರೇಡಿಯೇಟರಿನ ಸಣ್ಣ ನಾಳಗಳ ಒಳಮೈಗೆ ಪೊರೆಗಟ್ಟುತ್ತದೆ. ಪೊರೆ ಬಿಸಿಯನ್ನು ಹೊರಗೆ ಬಿಡದು. ಇನ್ನೊಂದು ನಷ್ಟವೂ ಇದೆ. ಅರ್ಧ ಗ್ಲೈಕಾಲ್, ಅರ್ಧ ನೀರಿನ ಸರಿಯಾದ ಕೂಲೆಂಟ್ ತೆರೆದ ಪಾತ್ರೆಯಲ್ಲೇ 107 ಡಿಗ್ರಿಯ ಹತ್ತಿರ ಕುದಿಯುತ್ತದೆ, ಮುಚ್ಚಳದ ಒತ್ತಡದ ಕೆಳಗೆ 120 ದಾಟಿದರೂ ಕುದಿಯದು. ನೀರು ಬೆರೆಸಿದಷ್ಟೂ ಈ ಅಂತರ ಕರಗುತ್ತದೆ, ತುಕ್ಕು ತಡೆಯುವ ಗುಣವೂ ಹೋಗುತ್ತದೆ. ತುರ್ತಿಗೆಂದು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿನ ಐದು ಲೀಟರ್ ಕ್ಯಾನ್ ಹಿಂದೆ ಇಟ್ಟುಕೊಂಡರೆ ಸುಣ್ಣದ ಕಾಟವಾದರೂ ತಪ್ಪುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಒತ್ತಡ ಇಳಿದೊಡನೆ ಒಳಗಿನದ್ದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಬರುತ್ತದೆ.

ಟೈರಿನ ಹವಾ ತಣ್ಣಗಿರುವಾಗಲೇ, ತುಂಬು ಭಾರಕ್ಕೆ ಬಾಗಿಲ ಕಂಬದ ಚೀಟಿ ಹೇಳಿದಷ್ಟು ಹಾಕಿಸಬೇಕು. ಬಿಸಿಲಲ್ಲಿ ಟೈರ್ ಒಡೆಯುತ್ತದೆಂದು ಹವಾ ಇಳಿಸುವುದು ತಿರುಗುಮುರುಗು. ಹವಾ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಚಿ, ಅದರಿಂದಲೇ ಹೆಚ್ಚು ಕಾಯುತ್ತದೆ.

ಕೊನೆಗೆ ಬ್ರೇಕು. ವಿಜಯಪುರದ ಬಯಲಲ್ಲಿ ಬ್ರೇಕಿನ ಎಣ್ಣೆ ಹಳತಾದರೂ ಯಾರಿಗೂ ಗೊತ್ತಾಗುವುದಿಲ್ಲ, ಉದ್ದದ ಇಳಿಜಾರೇ ಇಲ್ಲ. ಶ್ರೀಶೈಲ ಹತ್ತಿರವಾಗಿ ನಡೆಯುವವರು ನಲ್ಲಮಲದ ಕಾಡುದಾರಿ ಹಿಡಿದಾಗ ಗಾಡಿ ದೋರ್ನಾಲದ ಕಡೆಯಿಂದ ಘಾಟಿ ಹತ್ತುತ್ತದೆ, ಮರಳುವಾಗ ತುಂಬು ಜನರೊಂದಿಗೆ ಇಳಿಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತಲೇ ಇರುವ ದ್ರವ. ಡಾಟ್-4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಕಿಲೋಮೀಟರಿಗೂ ಇದಕ್ಕೂ ಸಂಬಂಧವಿಲ್ಲ. ಎರಡು ವರ್ಷಕ್ಕೊಮ್ಮೆ, ಗಾಡಿ ಅಂಗಳ ಬಿಟ್ಟು ಕದಲದಿದ್ದರೂ, ಯಾತ್ರೆಗೆ ಮೊದಲು ಇದನ್ನು ಬದಲಿಸಬೇಕು. ಘಾಟಿಯಲ್ಲಿ ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕು, ಭಾರ ಹಿಡಿಯುವ ಕೆಲಸ ಎಂಜಿನ್ನಿಗಿರಲಿ.